ಕ್ರಿಯಾಪದ ಕೊನೆಗೆ

ಹತ್ತು ವಾರಕ್ಕೆಂದು ಬಂದವಳು, ಇನ್ನೂ ಪೂರ್ತಿ ಟೀಚರಲ್ಲ,
ಬಿ.ಎಡ್. ಮೂರನೇ ಸೆಮಿಸ್ಟರಿನ ಅರೆಬೆಂದ ಮೇಡಂ.
ಚೀಲದಲ್ಲಿ ನಲವತ್ತು ಡಬ್ಬಿ ಜಲವರ್ಣ, ಒಂದು ವ್ಯಾಕರಣ,
ಮೈಮೇಲೆ ಯಾರದೋ ಎರವಲು ಕೋಟು, ತೋಳು ಉದ್ದ.

ನಾರಿನ್ ಹೊಳೆಯ ಮೇಲ್ದಂಡೆಯ ಆ ಶಾಲೆಗೆ
ಕಿಟಕಿ ಆರು, ಗಾಜು ನಾಲ್ಕು.
ಒಲೆಗೆ ಕುರಿಹಿಕ್ಕೆಯ ಬೆರಣಿ; ಅವತ್ತು ಹೊತ್ತು ತಂದವರಿಗೆ
ಒಲೆಯ ಪಕ್ಕದ ಜಾಗ.
ಮಕ್ಕಳು ನನ್ನನ್ನು ‘ಎಜೆ’ ಎಂದರು. ಅಂದರೆ ಅಕ್ಕ.
ಹೆಸರು ಕೇಳುವ ಮೊದಲೇ ಸಂಬಂಧ ಕೊಟ್ಟುಬಿಟ್ಟರು.

ಬೋರ್ಡಿನ ಮೇಲೆ ಬರೆದೆ: ಐ ಈಟ್ ಆ್ಯನ್ ಆಪಲ್.
ತಿಲೆಕ್ ಎದ್ದು ನಿಂತು, ಬೋರ್ಡು ನೋಡದೆ: ಐ ಆಪಲ್ ಈಟ್.
ಅಲ್ಲ ಎಂದೆ. ಬೆರ್ಮೆತ್, ನೀನು ಹೇಳು.
ಐ ಆಪಲ್ ಈಟ್.
ಹಿಂದಿನ ಬೆಂಚಿನ ಅವಳಿಗಳು, ಒಂದೇ ಉಸಿರಿಗೆ: ಐ ಆಪಲ್ ಈಟ್.
ಆ ವಾರ ಇಪ್ಪತ್ತೇಳು ನೋಟ್‌ಬುಕ್ಕಿಗೆ ಕೆಂಪು ಶಾಯಿ ಸುರಿದೆ,
ಬಾಣದ ಗುರುತು ಹಾಕಿ ಹಾಕಿ
ಕ್ರಿಯಾಪದವನ್ನು ಮುಂದಕ್ಕೆ ಎಳೆದೆ,
ಬಾರದ ಕತ್ತೆಯ ಕಿವಿ ಹಿಡಿದು ಎಳೆದ ಹಾಗೆ.

ಶನಿವಾರ ರಾತ್ರಿ, ನಾನಿದ್ದ ಮನೆಯ ಕುಲೀಪಾ ಅಜ್ಜಿ
ರೊಟ್ಟಿ ಮುರಿದು ಮುಂದಿಟ್ಟು, ತನಗೆ ಬೇಡವೆಂದು ಕೈಯಾಡಿಸಿ,
ಮೆನ್ ಅಲ್ಮಾ ಜೆದಿಮ್, ಎಂದಳು.
ಮೆನ್, ನಾನು. ಅಲ್ಮಾ, ಸೇಬು. ಜೆದಿಮ್, ತಿಂದೆ.
ನಾನು ಸೇಬು ತಿಂದೆ.

ಚಹದ ಬಟ್ಟಲು ಅರ್ಧದಲ್ಲೇ ನಿಂತಿತು.
ಎಷ್ಟು ಬೆಟ್ಟ, ಎಷ್ಟು ಮರಳುಗಾಡು ದಾಟಿದರೂ
ನನ್ನಮ್ಮ ಮಾತಾಡುವ ಸಾಲೇ ಇಲ್ಲಿ
ಬೇರೆ ಅಂಗಿ ತೊಟ್ಟು ಚಕ್ಕಳಮಕ್ಕಳ ಹಾಕಿ ಕೂತಿತ್ತು.
ಇಡೀ ವಾರ ನಾನು ತಪ್ಪೆಂದು ಗೀಟೆಳೆದದ್ದು
ನನ್ನ ಮನೆಮಾತಿನ ಬೆನ್ನುಮೂಳೆಗೇ.

ಸೋಮವಾರ ಕೆಂಪು ಪೆನ್ನು ಕಳೆದಿದೆ ಎಂದೆ.
ಕೋಟಿನ ಉದ್ದ ತೋಳಿನೊಳಗಿತ್ತು.
ಇಂಗ್ಲಿಷು ಕಲಿಸದೆ ಬಿಡಲಿಲ್ಲ. ಆದರೆ ಮೊದಲು ಅವರದು,
ಕೆಳಗೆ ನನ್ನದು, ಆಮೇಲೆ ಅದು.
ಕುಬತ್ ಮೂರೂ ಸಾಲು ನೋಡಿ, ಅಜ್ಜನ ಗಾಂಭೀರ್ಯದಲ್ಲಿ:
ನಮ್ಮಿಬ್ಬರ ಕುದುರೆಗೂ ಬಾಲ ಬಾಲದ ಜಾಗದಲ್ಲಿದೆ, ಎಜೆ.
ಇಂಗ್ಲಿಷಿನ ಕುದುರೆಗೆ ಹೊಟ್ಟೆಯಲ್ಲಿ.

ಗುರುವಾರ ಚಿತ್ರದ ತರಗತಿ.
ನವೆಂಬರಿನಲ್ಲಿ ಲೋಟದ ನೀರು ಹೆಪ್ಪುಗಟ್ಟಿದಾಗ
ಬೆರ್ಮೆತ್ ಕುಂಚವನ್ನು ನನ್ನ ಚಹದಲ್ಲಿ ಅದ್ದಿದಳು.
ಅವತ್ತಿನಿಂದ ನಮ್ಮ ಆಕಾಶಗಳೆಲ್ಲ ಹಾಲುಚಹದ ಬಣ್ಣ.
ಚಿತ್ರವೆಂದರೇನು, ಹಿನ್ನೆಲೆಯೆಂದರೇನು, ಎಂದು ಪಾಠ ತೆಗೆದೆ.
ಅವಳು ಮನೆಯಿಂದ ಕಂಬಳಿಯೊಂದನ್ನು ಎಳೆದು ತಂದು ಹಾಸಿದಳು:
ಕೆಂಪುಣ್ಣೆ ಕರಿಯುಣ್ಣೆ ಒಂದರ ಮೇಲೊಂದಿಟ್ಟು
ಒಂದೇ ಚೂರಿಗೆ ಟಗರುಕೊಂಬು ಕೊಯ್ದು,
ಇದರ ತೂತಿಗೆ ಅದರ ತುಂಡು, ಅದರ ತೂತಿಗೆ ಇದರದು.
ಬಿಸಾಡಲು ಒಂದೆಳೆಯೂ ಇಲ್ಲ.
ಇದರಲ್ಲಿ ಹಿನ್ನೆಲೆ ಯಾವುದು ಹೇಳು?
ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.
ನೋಡುತ್ತ ನೋಡುತ್ತ ನನಗೂ.

ಸಂಸ್ಥೆಯ ನಮೂನೆ ಕೇಳುತ್ತದೆ:
ಎಷ್ಟು ಮಕ್ಕಳಿಗೆ, ಏನೇನು ಕಲಿಸಿದಿರಿ? ನಾಲ್ಕು ಗೆರೆ ಜಾಗ.
ಇಪ್ಪತ್ತೇಳು, ಎಂದು ಬರೆದೆ. ಮೂರು ಗೆರೆ ಉಳಿದವು.

ಹೊರಡುವ ಬೆಳಗ್ಗೆ ವ್ಯಾನಿನವನು ಹಾರ್ನ್ ಒತ್ತುತ್ತಲೇ ಇದ್ದ.
ತಿಲೆಕ್ ಅಂಗೈಗೆ ಒಣಮೊಸರಿನ ಉಂಡೆ ತುರುಕಿ
ತಪ್ಪಿಲ್ಲದ ಇಂಗ್ಲಿಷಿನಲ್ಲಿ ಕೇಳಿದ:
ವಿಲ್ ಯೂ ಕಮ್ ನೆಕ್ಸ್ಟ್ ಇಯರ್?
ಅದೇ ಭಾಷೆಯಲ್ಲಿ ಉತ್ತರಿಸಹೋದರೆ
ಎರಡನೇ ಮಾತಿಗೇ ಸಿಕ್ಕಿಬೀಳುತ್ತೇನೆ.
ಅದಕ್ಕೇ ನನ್ನದರಲ್ಲಿ ಶುರುಮಾಡಿದೆ,
ಹೌದೋ ಇಲ್ಲವೋ ಎಂಬುದನ್ನು ಕಟ್ಟಕಡೆಗೆ
ಮುಷ್ಟಿಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ನುಡಿಯಲ್ಲಿ, ನಿಧಾನಕ್ಕೆ,
ಅವನು ಒಂದೊಂದು ಪದಕ್ಕೂ ತಲೆಯಾಡಿಸಿ
ಬಾಲಕ್ಕಾಗಿ ಕಾಯುತ್ತಿರಲು:

ಮುಂದಿನ ವರ್ಷ, ಹಿಮ ಕರಗಿದ ಮೇಲೆ,
ಕುರಿಗಳು ಬೆಟ್ಟ ಹತ್ತುವ ಮೊದಲು,
ಇದೇ ದಾರಿಯಲ್ಲಿ, ಇದೇ ಕೋಟಿನಲ್ಲಿ,
ನಿಮ್ಮೂರಿಗೆ, ನಾನು