ತಣ್ಣಗಿರುವಾಗ ಮಾತ್ರ

ಡಿಸೆಂಬರಿನಲ್ಲಿ ನನ್ನ ಹಿಟ್ಟೂ ಉಬ್ಬುವುದಿಲ್ಲ,
ಅದರ ಮೇಲೆ ನನಗೆ ಸಿಟ್ಟಿಲ್ಲ.
ಕಂಬಳಿ ಹೊದಿಸುತ್ತೇನೆ, ಒಲೆಯ ಪಕ್ಕ ಕೂರಿಸುತ್ತೇನೆ,
ಒಂದು ಹಿಡಿ ಅವಲಕ್ಕಿ ಹೆಚ್ಚಿಗೆ ಹಾಕಿ ರುಬ್ಬುತ್ತೇನೆ.
ಆದರೆ ಈ ಓಮ್ನಿ,
ತೊಂಬತ್ತೆಂಟನೇ ಇಸವಿಯದು, ಹಿಂದಿನ ಬಾಗಿಲಿಗೆ ಹಗ್ಗ,
ಬೆಳಗಿನ ಐದಕ್ಕೆ ಶ್ರೀನಗರದ ಗಲ್ಲಿಯಲ್ಲಿ
ಚೋಕ್ ಎಳೆದರೆ ಕೆಮ್ಮುತ್ತದೆ, ಬಿಟ್ಟರೆ ಸಾಯುತ್ತದೆ.

ಇದರ ಎಂಜಿನ್ ಇರುವುದು ಸೀಟಿನ ಕೆಳಗೆ.
ಹಾಗಾಗಿ ನಡುಕ ಮೊದಲು ನನ್ನ ಸೊಂಟಕ್ಕೆ ಗೊತ್ತಾಗುತ್ತದೆ,
ಕಿವಿಗೆ ಆಮೇಲೆ.
ಎರಡು ಹೊಡೆತ, ಒಂದು ತಪ್ಪು, ಮತ್ತೆ ಎರಡು,
ಮಂಡಿನೋವಿನವರು ಮೆಟ್ಟಿಲು ಹತ್ತಿದ ಹಾಗೆ.
ಹಿಂದೆ ಇಪ್ಪತ್ತಾರು ಬಕೆಟ್ ಹಿಟ್ಟು.
ಗವಿಪುರದ ಏರಿನಲ್ಲಿ ಎರಡನೇ ಗೇರಿಗೂ ಉಸಿರಿಲ್ಲ.
ಹಾಲಿನ ಹುಡುಗ ಸೈಕಲ್ಲಿನಲ್ಲಿ ನನ್ನನ್ನು ದಾಟಿ
ತಿರುಗಿ ನೋಡಿದ.
ನೋಡಲಿ.

ಗಾಂಧಿಬಜಾರಿನ ಮೂರು ಹೋಟೆಲ್ಲಿಗೆ ಇಳಿಸುವಷ್ಟರಲ್ಲಿ
ಕಾಯಿಲೆ ವಾಸಿ.
ಜೆ.ಸಿ. ರಸ್ತೆಯ ಸಂದಿಯಲ್ಲಿ ದಸ್ತಗೀರನ ಮುಂದೆ ನಿಲ್ಲಿಸಿದರೆ
ಗಾಡಿಗೆ ಏನೂ ನೆನಪಿಲ್ಲ.
ನಮ್ಮತ್ತೆಯೂ ಹೀಗೇ, ಆಸ್ಪತ್ರೆಯ ಗೇಟು ಕಂಡ ಕೂಡಲೇ
ನೋವೇ ಇಲ್ಲ, ಮನೆಗೆ ಹೋಗೋಣ ಅನ್ನುತ್ತಿದ್ದರು.
"ಏನೂ ಇಲ್ವಲ್ಲ ಅಕ್ಕ."
ಏನೂ ಇಲ್ಲದ್ದಕ್ಕೆ ಮೂರು ಪ್ಲಗ್ ಬದಲಾಯಿತು,
ಏನೂ ಇಲ್ಲದ್ದಕ್ಕೆ ಕಾರ್ಬೊರೇಟರ್ ಬಿಚ್ಚಿ ತೊಳೆದಾಯಿತು,
ಡಿಸ್ಟ್ರಿಬ್ಯೂಟರಿನ ಮುಚ್ಚಳ ಒರೆಸಿದ್ದೂ ಆಯಿತು, ಸಾವಿರದೆಂಟುನೂರು.
ಮಾರನೇ ದಿನ ಐದಕ್ಕೆ ಅದೇ ಕೆಮ್ಮು.

"ರಾತ್ರಿ ಇಲ್ಲೇ ಬಿಡಿ ಗಾಡೀನ, ತಣ್ಣಗಿದ್ದಾಗ ನೋಡ್ಬೇಕು."
ಬಿಟ್ಟರೆ ನಾಳೆಯ ದೋಸೆಯನ್ನು ಯಾರು ತಲೆ ಮೇಲೆ ಹೊರುವುದು?
ಕೊನೆಗೆ ಅವನೇ ಬಂದ. ನಾಲ್ಕೂ ಮುಕ್ಕಾಲು,
ಮಂಕಿ ಕ್ಯಾಪು, ಬಾಯಲ್ಲಿ ಟಾರ್ಚು.
ನಾನು ಸ್ಟೀರಿಂಗ್ ಹಿಂದೆ. ಪಕ್ಕದ ಸೀಟು ಎತ್ತಿದ.
ಅರ್ಧ ಮೊಳ ರಬ್ಬರ್ ಪೈಪು, ಒಂದು ತುದಿ ಕಿವಿಯಲ್ಲಿ,
ಇನ್ನೊಂದು ಅಲ್ಲಿ, ಇಲ್ಲಿ, ಮತ್ತೆ ಅಲ್ಲಿ.
"ಎಕ್ಸಲರೇಟರ್ ಮುಟ್ಬೇಡಿ. ಮಾತಾಡ್ಬೇಡಿ."
ಯಾರದೋ ಮನೆಯ ಸಂಪಿನಲ್ಲಿ ನೀರು ಬೀಳುತ್ತಿತ್ತು.

"ಇಲ್ಲಿ ಸುಯ್ಯಂತ ಐತೆ. ಕೇಳಿ."
ಕೇಳಿದೆ.
ನಿದ್ದೆಯಲ್ಲಿ ಮಗು ಹಲ್ಲಿನ ಸಂದಿಯಿಂದ ಉಸಿರೆಳೆದ ಸದ್ದು.
ಮ್ಯಾನಿಫೋಲ್ಡಿಗೂ ಎಂಜಿನ್ನಿಗೂ ನಡುವಿನ ತೆಳು ಹಾಳೆ,
ಗ್ಯಾಸ್ಕೆಟ್ಟು,
ತಣ್ಣಗಿದ್ದಾಗ ಕುಗ್ಗಿ ಕೂದಲೆಳೆಯಷ್ಟು ಬಾಯಿಬಿಟ್ಟು
ಲೆಕ್ಕಕ್ಕಿಲ್ಲದ ಗಾಳಿ ಕುಡಿಯುತ್ತದಂತೆ.
ಬಿಸಿಯಾದರೆ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದಂತೆ.

ಅಂತೆಯನ್ನು ನಂಬುವವನಲ್ಲ ದಸ್ತಗೀರ್. ಪರೀಕ್ಷೆ ಆಗಬೇಕು,
ಸ್ಪ್ರೇ ಡಬ್ಬಿ ಅಂಗಡಿಯಲ್ಲೇ ಉಳಿದಿತ್ತು.
ಬಕೆಟ್ಟುಗಳ ಕಡೆ ನೋಡಿದ.
"ಅಕ್ಕ, ಉದ್ದಿನ ಹಿಟ್ಟು ಗಟ್ಟಿ ಇರೋದು?"
ವಡೆಗೆಂದು ಬೇರೆ ರುಬ್ಬಿದ್ದು, ನೀರು ಕಮ್ಮಿ,
ಬೊಟ್ಟಿಗೆ ಹತ್ತಿದರೆ ಬಿಡದ್ದು.
ಎರಡು ಬೆರಳಲ್ಲಿ ಬಾಚಿ ಆ ಸಂದಿಗೆ ಮೆತ್ತಿದ,
ಮೆತ್ತುತ್ತಾ ಹೋದ,
ಮೂರನೇ ಬೋಲ್ಟಿನ ಹತ್ತಿರ ಬಂದಾಗ
ನನ್ನ ಸೊಂಟಕ್ಕೆ ಗೊತ್ತಾಯಿತು.
ಮೂರು ಹೊಡೆತ. ಮೂರು. ಮೂರು.

ಇಬ್ಬರೂ ಏನೂ ಅನ್ನಲಿಲ್ಲ.
ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು
ಟೀ ಇದ್ಯಾ ಅಂದ.

ಆವತ್ತು ಗವಿಪುರದ ಏರು ಹತ್ತುವಾಗ
ಸೀಟಿನಡಿಯಿಂದ ವಡೆ ಬೇಯುವ ವಾಸನೆ,
ಜೊತೆಗೆ ಒಂಚೂರು ಪೆಟ್ರೋಲು.
ಹಾಲಿನ ಹುಡುಗ ಅವತ್ತು ರಜ.

ಗ್ಯಾಸ್ಕೆಟ್ಟಿಗೆ ನೂರಾ ನಲವತ್ತು.
ಕೂಲಿ ಬೇಡ ಅಂದ, ಎರಡು ಲೀಟರ್ ಹಿಟ್ಟು ತಗೊಂಡ.
ಮಧ್ಯಾಹ್ನ ಹಳೆಯದನ್ನು ಕಿತ್ತಾಗ
ಕರಕಲಾದ ಉದ್ದಿನ ಚಕ್ಕೆಯೊಂದು ಜೊತೆಗೆ ಬಂತು,
ಬಿಸಾಡಲು ಮನಸ್ಸು ಬಾರದೆ ಗೋಡೆಯ ಮೇಲಿಟ್ಟೆ.
ಕಾಗೆ ಬಂತು, ತಲೆ ವಾರೆ ಮಾಡಿ ನೋಡಿತು,
ಒಮ್ಮೆ ಕುಕ್ಕಿ
ಕೊಕ್ಕನ್ನು ಗೋಡೆಗೆ ಎರಡೂ ಬದಿ ಉಜ್ಜಿಕೊಂಡು ಹಾರಿಹೋಯಿತು.