ಯಾರೂ ಇಲ್ಲದ ಜಾಗಕ್ಕೆ

ಹುಲುಗಪ್ಪನಿಗೆ ಮೊದಲು ಎಸೆದವನು ನಾನು.
ಇದು ಯಾವ ದಾಖಲೆಯಲ್ಲೂ ಇಲ್ಲ.

ಬಳ್ಳಾರಿ ಕೌಲ್‌ಬಜಾರಿನ ಎರಡನೇ ಮಾಳಿಗೆ,
ನಲವತ್ತು ಮಿಷಿನ್ನು, ಎರಡು ಫ್ಯಾನು,
ಡಜನ್ ಜೀನ್ಸಿಗೆ ಒಂದು ಕಟ್ಟು.
ಮೆಟ್ಟಿಲಿಳಿದರೆ ಹೊತ್ತು ಹೋಗುತ್ತದೆಂದು
ಕಿಟಕಿಯಿಂದಲೇ ಬಿಡುತ್ತಿದ್ದೆ.
ಕೆಳಗೆ ಅವನು, ಹದಿನೇಳರ ಹುಡುಗ,
ತಲೆ ಎತ್ತದೆ
ನೆಲದ ಮೇಲಿನ ನೆರಳು ನೋಡಿ ಹಿಡಿಯುತ್ತಿದ್ದ.

ಮುನ್ಸಿಪಲ್ ಮೈದಾನದಲ್ಲಿ ಇನ್ನೂರು ಮೀಟರು ಓಡುವಾಗ
ಹೈದರಾಬಾದಿನವನೊಬ್ಬ ಕಂಡು
ಕೈ ಹಿಡಿದು, ಬೆರಳು ಅಗಲಿಸಿ, ಗೇಣು ಅಳೆದ,
ಎತ್ತು ಕೊಳ್ಳುವವನು ಹಲ್ಲೆಣಿಸುವ ಹಾಗೆ.
ಅಮೆರಿಕದ ಫುಟ್‌ಬಾಲಂತೆ. ಇಲ್ಲೂ ಲೀಗು ಶುರುವಂತೆ.
ಹೆಸರು ಕಾಲಿಂದು, ಸಂಬಳ ಕೈಗೆ,
ತಿಂಗಳಿಗೆ ಹದಿನೆಂಟು ಸಾವಿರ.

ಅವರವ್ವ ಈರಮ್ಮ ಚೆಂಡು ತಿರುಗಿಸಿ ನೋಡಿದಳು:
'ಇದಕ್ಯಾಕೋ ಎರಡು ಮೂತಿ?
ದುಂಡಗೆ ಮಾಡೋಕೆ ಬರಲಿಲ್ವಾ ಅವರಿಗೆ?'

ವೈಡ್ ರಿಸೀವರ್ ಅಂದರೆ ಏನಲೇ, ಅಂದೆ.
ರಜೆಗೆ ಬಂದವನು, ಒಗ್ಗರಣಿ ಮಿರ್ಚಿ ಮುಂದಿಟ್ಟುಕೊಂಡು,
ಪೇಪರಿನ ಮೇಲೆ ಎಣ್ಣೆ ಬೆರಳಲ್ಲಿ ಗೆರೆ ಎಳೆದ.
ನೇರ ಹತ್ತು ಹೆಜ್ಜೆ, ಆಮೇಲೆ ಥಟ್ಟನೆ ಬಲಕ್ಕೆ.
'ಎಸೆಯೋನು ನನ್ನ ನೋಡಿ ಎಸೆಯಲ್ಲ.
ಯಾರೂ ಇಲ್ಲದ ಜಾಗಕ್ಕೆ ಎಸೀತಾನೆ.
ಅದು ಬೀಳೋಷ್ಟರಲ್ಲಿ ನಾನು ಅಲ್ಲಿರಬೇಕು. ಅಷ್ಟೇ ನೌಕರಿ.'
'ಇಲ್ಲದಿದ್ದರೆ?'
'ಇಬ್ಬರಿಗೂ ಬೈಗುಳ.'

ಹತ್ತು ಸಲ ಓಡಿದರೆ ಚೆಂಡು ಬರುವುದು ಒಮ್ಮೆ.
ಉಳಿದ ಒಂಬತ್ತು ಸುಳ್ಳು ಓಟ,
ಕಾವಲಿನವನನ್ನು ಬೆನ್ನಿಗೆ ಅಂಟಿಸಿಕೊಂಡು ದೂರ ಒಯ್ದು
ಇನ್ನೊಬ್ಬನಿಗೆ ದಾರಿ ಬಿಡಿಸಲು.
'ಸುಳ್ಳು ಓಟನೇ ಜೋರಾಗಿ ಓಡಬೇಕು' ಅಂದ.
ನಾನು ಆವತ್ತು ಹೊಲಿದದ್ದು ನೂರಾ ಹತ್ತು ಜೇಬು,
ಎಲ್ಲದರ ಮೇಲೂ ಬೇರೆ ಯಾರದೋ ಹೆಸರಿನ ಪಟ್ಟಿ.
ನಗು ಬಂತು. ಹೇಳಲಿಲ್ಲ.

ಮೂರು ಸೀಸನ್ನು. ಮೂವತ್ತೊಂದು ಹಿಡಿತ. ನಾಲ್ಕು ಟಚ್‌ಡೌನ್.
ಪುಣೆಯಲ್ಲೊಂದು ರಾತ್ರಿ
ಗೆರೆಯಂಚಿನಲ್ಲಿ ತುದಿಗಾಲ ಮೇಲೆ ಹಿಡಿದದ್ದನ್ನು
ಮಿಷಿನ್ನು ನಿಲ್ಲಿಸಿ ಇಡೀ ಯೂನಿಟ್ಟು
ಒಂದೇ ಮೊಬೈಲಿನಲ್ಲಿ ನೋಡಿತು. ಸೇಟು ಏನೂ ಅನ್ನಲಿಲ್ಲ.
ಈರಮ್ಮ ಮಾತ್ರ ಕೇಳಿದಳು,
'ಆ ಹಿಂದೆ ಬಿದ್ದ ಹುಡುಗನಿಗೆ ಏಟಾಯ್ತೇನೋ?'

ಉಂಗುರದ ಬೆರಳು ಎರಡು ಸಲ ಮುರಿಯಿತು, ಭುಜ ಒಮ್ಮೆ.
ಮೊಣಕಾಲಿನದು ಯಾರಿಗೂ ಹೇಳಲಿಲ್ಲ.
ಹೇಳಿದರೆ ಮುಂದಿನ ಕರಾರಿಲ್ಲ.

ನಾಲ್ಕನೇ ವರ್ಷ ಲೀಗಿಗೇ ಬೀಗ.
ಆ ಸೊಟ್ಟ ಚೆಂಡು ನೆಲಕ್ಕೆ ಬಿದ್ದರೆ
ಯಾವ ಕಡೆ ಪುಟಿಯುತ್ತದೆಂದು ದೇವರಿಗೂ ಗೊತ್ತಿಲ್ಲ, ಅನ್ನುತ್ತಿದ್ದ.
ಕೊನೆಯ ಚೆಕ್ಕು ಮಾತ್ರ ನೇರ ಪುಟಿದು
ಬ್ಯಾಂಕಿನಿಂದ ಮನೆಗೇ ಬಂತು.

ಈಗ ಇಪ್ಪತ್ತೊಂಬತ್ತು. ಒಂದು ಟಾಟಾ ಏಸ್, ಅರ್ಧ ಕಂತು ಬಾಕಿ.
ಗಾಜು ಒರೆಸುವ ಬಟ್ಟೆಯ ಮೇಲೆ
ಎಂಬತ್ತನಾಲ್ಕರ ಎಂಟು ಇನ್ನೂ ಕಾಣುತ್ತದೆ.
ನಮ್ಮ ಮಾಲು ವಾಷಿಂಗಿಗೆ ಒಯ್ಯುತ್ತಾನೆ.
ಮೊಣಕಾಲು ಒತ್ತಿ ಹಿಡಿದು ಮೆಟ್ಟಿಲು ಹತ್ತಿ ಬರುತ್ತಾನೆ,
ಕಟ್ಟು ಹೊತ್ತು ಇಳಿಯುತ್ತಾನೆ, ಒಂದೊಂದೇ.
ಕಿಟಕಿ ತೋರಿಸಿದರೆ
'ಬ್ಯಾಡ, ಅದು ಆಗ' ಅನ್ನುತ್ತಾನೆ.

ಮೊನ್ನೆ ಕರೆಂಟು ಹೋಗಿ
ನಲವತ್ತೂ ಮಿಷಿನ್ನು ಒಟ್ಟಿಗೆ ಸುಮ್ಮನಾದವು.
ಕೆಳಗೆ ಅವನು ಗಾಡಿಗೆ ಹಗ್ಗ ಬಿಗಿಯುತ್ತಿದ್ದ, ಬೆನ್ನು ನನ್ನ ಕಡೆ.
ಏನನ್ನಿಸಿತೋ, ಕೂಗದೆಯೇ
ಒಂದು ಕಟ್ಟು ಬೀಸಿ ಬಿಟ್ಟೆ.
ಅವನ ಕಡೆಗಲ್ಲ. ಚರಂಡಿಯ ಪಕ್ಕ, ಯಾರೂ ಇಲ್ಲದ ಜಾಗಕ್ಕೆ.

ತಿರುಗಲಿಲ್ಲ ಅವನು.
ಹಗ್ಗ ಬಿಟ್ಟು, ಕೈ ಮಾತ್ರ
ಅಗಲವಾಗಿ ತೆರೆದುಕೊಂಡಿತು,
ಆ ಸೊಟ್ಟ ಬೆರಳೂ ಸೇರಿ.

ಕಟ್ಟು ಪುಟಿಯಲಿಲ್ಲ. ಉರುಳಿ
ವಾಷಿಂಗಿನ ನೀಲಿ ನೀರಿಗೆ ಇಳಿಯಿತು.
ಹನ್ನೆರಡು ಪ್ಯಾಂಟಿನ ದುಡ್ಡನ್ನು ಸೇಟು
ಇಬ್ಬರ ಲೆಕ್ಕಕ್ಕೂ ಬರೆದಿದ್ದಾನೆ, ಆರು, ಆರು.