ಷರಾ

ಇಪ್ಪತ್ತೆರಡು ವರ್ಷದಿಂದ ಒಂದೇ ವಾಕ್ಯ ಬರೆಯುತ್ತ ಬಂದಿದ್ದೇನೆ:
'ಯಾರೋ ಕಳ್ಳರು ಕಳವು ಮಾಡಿಕೊಂಡು ಹೋಗಿರುತ್ತಾರೆ.'
ಕುರಿಗೂ ಅದೇ, ಕಿವಿಯೋಲೆಗೂ ಅದೇ,
ಟೊಮೆಟೊ ಕ್ರೇಟಿಗೂ ಅದೇ.
ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ಬೆನ್ನು ಕೊಟ್ಟು ಕೂತ ಠಾಣೆಯಲ್ಲಿ
ರೈಟರ್ ಅಂದರೆ ತಿರುಗುತ್ತೇನೆ,
ಹೆಸರು ಹಿಡಿದು ಕರೆದರೆ ತಡವಾಗುತ್ತದೆ.

ಅವತ್ತು ಬಂದವಳು ಮುನಿಗಂಗಮ್ಮ,
ಯರ್ರಬಂಡಹಳ್ಳಿಯ ನೀರುಗಂಟಿ.
ತಲೆಗೆ ಆರು ಹೊಲಿಗೆ, ಸೆರಗಿನಲ್ಲಿ ಒಣಗಿದ ರಕ್ತ,
ಮುಷ್ಟಿಯಲ್ಲಿ ಪಂಪ್‌ಹೌಸಿನ ಬೀಗದ ಕೈ.
ಕಳ್ಳರು ಬಾಗಿಲನ್ನೇ ಮುರಿದಿದ್ದರು.
ಇವಳು ಬೀಗದ ಕೈ ಬಿಟ್ಟಿರಲಿಲ್ಲ.

ಕುಡಿಯುವ ನೀರಿನ ಬೋರಿನ ಕೇಬಲ್,
ತೊಂಬತ್ತು ಮೀಟರ್, ತಾಮ್ರದ್ದು. ಬರೆದೆ.
ಅಜಮಾಸು ಬೆಲೆ, ಪಂಚಾಯ್ತಿ ಬಿಲ್ಲಿನಂತೆ. ಬರೆದೆ.
ಸದರಿ ಸ್ಥಳಕ್ಕೆ ಎಷ್ಟು ಗಂಟೆಗೆ ಹೋದಿರಿ?
'ತ್ರೀ ಫೇಸ್ ಬರೋ ಹೊತ್ತಿಗೆ ಸಾರ್, ನಾಲ್ಕೂವರೆ.
ಮೂರು ಜನ ಇದ್ರು. ಒಬ್ಬ ನನ್ನ ಅಕ್ಕಾ ಅಂದ.
ಅಕ್ಕಾ ಅಂತ್ಲೇ ಪೈಪ್ ಪಾನಾದಲ್ಲಿ ಹೊಡೆದ.'

ಪೆನ್ನು ನಿಂತಿತು.
'ಅವಾಚ್ಯ ಶಬ್ದಗಳಿಂದ ಬೈದು' ಎಂದು ಬರೆದು ಪಳಗಿದ ಕೈ ಇದು.
ಅಕ್ಕಾ ಅಂದದ್ದನ್ನು ಯಾವ ಕಲಮಿಗೆ ಹಾಕಲಿ?
ಬಿಟ್ಟೆ.

ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದಳು.
'ಎಲ್ಲಾ ಸರಿ ಐತೆ ಸಾರ್. ನಡುಗಿದ್ದು ಬರೀಲಿಲ್ವಾ?'
ಅಷ್ಟರಲ್ಲಿ ಕೊನೆಯ ಸಾಲೂ ಮುಗಿದಿತ್ತು:
'ಓದಿ ಕೇಳಲಾಗಿ ಸರಿಯಿರುತ್ತದೆ.'
ಸಹಿ ಹಾಕಿದಳು, ಕೆಳಗಿನ ಹಾಳೆಗೂ ಅಚ್ಚಾಗುವಷ್ಟು ಒತ್ತಿ.

ಒಂಬತ್ತು ದಿನ ಊರಿಗೆ ಟ್ಯಾಂಕರು.
ಬಿಸಿಯೂಟದ ಪಾತ್ರೆಗಳು ಬೋರಲು ಮಲಗಿದವು.
ಕೊಡ ಹಿಡಿದು ಅವಳ ಹೊಸ್ತಿಲಿಗೆ ಬಂದವರು
ತಲೆಯ ಪಟ್ಟಿ ನೋಡಿಕೊಂಡೇ ಕೇಳಿದರಂತೆ,
ನೀರು ಯಾವಾಗಮ್ಮ?

ನಾಲ್ಕು ತಿಂಗಳಿಗೆ ಗುಜರಿಯಲ್ಲಿ ಮಾಲು ಸಿಕ್ಕಿತು.
ರಬ್ಬರು ಸುಟ್ಟು ಕರಿ ಹಿಡಿದ ತಾಮ್ರ,
ಬಿಚ್ಚಿ ಗಂಟುಬಿದ್ದ ಜಡೆಯ ಹಾಗೆ, ಹನ್ನೊಂದು ಕೆಜಿ.
ಗುರುತಿಸಿ ಎಂದರು ಸಾಹೇಬರು.
'ಸುಟ್ಟಿದ್ದಕ್ಕೆ ಏನು ಗುರುತು ಸಾರ್?
ಆ ಅಕ್ಕಾ ಅಂದೋನು ಸಿಕ್ಕಿದ್ನಾ?'
ಇಬ್ಬರು ಸಿಕ್ಕಿದ್ದರು.
ಮೂರನೆಯವನು ತಲೆಮರೆಸಿಕೊಂಡಿರುತ್ತಾನೆ.
ಯಾವನೆಂದು ನಾವು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಪರಿಹಾರದ ಅರ್ಜಿ ಹಿಡಿದು ಅವಳ ಜೊತೆ
ಮೂರು ಸಲ ಕೋಲಾರದ ಬಸ್ಸು ಹತ್ತಿದ್ದು
ನಮ್ಮ ಪೇದೆ ಶಮೀಮ್ ಬಾನು, ರಜೆಯ ದಿನಗಳಲ್ಲಿ.
ಹಣ ಇನ್ನೂ ಬಂದಿಲ್ಲ.
ಪಂಪ್‌ಹೌಸಿನ ಮೊಳೆಗೆ ಗಸ್ತು ಪುಸ್ತಕ ತೂಗುಹಾಕಿದ್ದೂ ಅವಳೇ,
ಯಾರ ಆದೇಶವೂ ಇಲ್ಲದೆ.
ನಾಲ್ಕೂ ಇಪ್ಪತ್ತಕ್ಕೆ ಬೈಕು ನಿಲ್ಲಿಸಿ ಸಹಿ ಮಾಡುತ್ತಾಳೆ,
ಮೋಟ್ರು ಗುಂಯ್ ಅಂದು, ಪೈಪು ಗಾಳಿ ಕೆಮ್ಮಿ,
ನೀರು ಏರುವ ತನಕ ನಿಲ್ಲುತ್ತಾಳೆ.
ದಿನಾಂಕ, ವೇಳೆ, ಸಹಿ, ಕೊನೆಗೆ ಷರಾ.
ಷರಾ ಕಾಲಮಿನಲ್ಲಿ ನಾವು ಬರೆಯುವುದು ಒಂದೇ: ವಿಶೇಷವಿಲ್ಲ.

ತಿಂಗಳ ಕೊನೆಗೆ ಪುಸ್ತಕ ನನ್ನ ಮೇಜಿಗೆ ಬಂತು.
ವಿಶೇಷವಿಲ್ಲದ ಕೆಳಗೆ, ಇದ್ದಷ್ಟೇ ಜಾಗದಲ್ಲಿ,
ಸೀಸದ ಕಡ್ಡಿಯ ಗುಂಡನೆಯ ಅಕ್ಷರ:

'ಹೆದರಿಕೆ ಇತ್ತು. ಮೋಟ್ರು ಹಾಕಿದೆ.'
'ನಾಯಿ ಬೊಗಳಿತು. ಹಾಕಿದೆ.'
'ಬಾನು ಬರಲಿಲ್ಲ. ಬೆಳಕು ಹರಿದ ಮೇಲೆ ಹಾಕಿದೆ. ಊರು ಬೈತು.'
'ಹೊಲಿಗೆ ಜಾಗ ತುರಿಕೆ.'
'ಹಾಕಿದೆ.'

ಸರ್ಕಾರಿ ದಾಖಲೆಯಲ್ಲಿ ಅನ್ಯರು ಬರೆಯಕೂಡದು.
ಹೊಡೆದುಹಾಕಿ ಚಿಕ್ಕ ಸಹಿ ಹಾಕುವುದು ನನ್ನ ಕೆಲಸ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ,
ಮತ್ತೆ ಹಾಕಿದೆ.
ಬರುವ ತಿಂಗಳ ಪುಸ್ತಕಕ್ಕೆ ಗೆರೆ ಎಳೆಯುವಾಗ
ವೇಳೆಯನ್ನೂ ಸಹಿಯನ್ನೂ ಒತ್ತಟ್ಟಿಗೆ ಸರಿಸಿ
ಷರಾವನ್ನು ನಾಲ್ಕು ಬೆರಳು ಅಗಲ ಬಿಟ್ಟೆ.